ಏಳನೆಯ ಉಣುಗೋಲು

ತೆರೆದ ಬಾಗಿಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದು ನನ್ನ ಮನೆಯದೇ ಆಗಬೇಕೆಂದಿಲ್ಲ. ನೆಂಟರ ಮನೆ, ಸೊಸೈಟಿ ಅಂಗಡಿ, ಹೊರಡಲು ನಿಂತ ಬಸ್ಸು, ಯಾವುದಾದರೂ ಸರಿ. ಒಮ್ಮೆ ಮದುವೆ ಮನೆಯೊಂದರಲ್ಲಿ ಅಡಿಗೆಯವರು ಹೊಗೆ ಹೋಗಲೆಂದು ತೆರೆದಿಟ್ಟಿದ್ದ ಹಿತ್ತಿಲ ಕದವನ್ನು ನಾಲ್ಕು ಸಲ ಮುಚ್ಚಿದೆ. ಆ ಮದುವೆಯ ಪಾಯಸ ಹೊಗೆ ಪಾಯಸವೆಂದು ನಮ್ಮ ನೆಂಟರಲ್ಲಿ ಇವತ್ತಿಗೂ ಪ್ರಸಿದ್ಧ.

ಕಳೆದ ವಾರ ಮಡಿಕೇರಿಯ ಒಂದು ಕಚೇರಿಗೆ ಹೋಗಿದ್ದೆ. ನಾನು ಬೇಲಿ ಹಾಕಿಕೊಂಡು ಕಿತ್ತಳೆ ನೆಟ್ಟಿರುವ ಅರ್ಧ ಎಕರೆ ಪೈಸಾರಿಗೆ, ಅಂದರೆ ಸರಕಾರದ ಪಾಳು ಜಾಗಕ್ಕೆ, ಒಂದು ಹಕ್ಕಿನ ಕಾಗದ ಬೇಕಿತ್ತು. ಗುಮಾಸ್ತರ ಮೇಜಿನ ಮೇಲೆ ಅರ್ಜಿ ಇಟ್ಟು ಹೊರಗೆ ಬರುವಾಗ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಎಳೆದೆ, ಅಗಳಿ ಹಾಕಿದೆ, ಹೋದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಎರಡನೆಯ ಕಾಫಿಗೆ ಹೇಳುವಷ್ಟರಲ್ಲಿ ಕಚೇರಿಯೊಳಗಿನಿಂದ ದಬದಬ ಸದ್ದು. ಆ ಕೋಣೆಯಲ್ಲಿ ಅಧಿಕಾರಿಗಳೇ ಕುಳಿತಿದ್ದರಂತೆ. ಜವಾನ ಓಡಿ ಬಂದು ನನ್ನ ಅಂಗಿ ತೋಳು ಹಿಡಿದ.

ಆ ಅಧಿಕಾರಿ ಯಾರೆಂದು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಓಟದ ಕತೆ ಕೆಡುತ್ತದೆ.

ಸಂಜೆ ಮನೆಯಲ್ಲಿ ಇದನ್ನು ಹೇಳಿ ನಗಿಸೋಣವೆಂದುಕೊಂಡರೆ ನನ್ನ ಹೆಂಡತಿ ಗಂಗೆ ನಗಲಿಲ್ಲ. ಅಕ್ಕಿ ಆರಿಸುತ್ತಲೇ ಅಂದಳು: "ಮದುವೆಯಾದ ಹೊಸತರಲ್ಲಿ ನಿಮಗೆ ಈ ರೋಗ ಇರಲಿಲ್ಲ."

"ಇತ್ತು. ನೀನು ನೋಡಿಲ್ಲ. ಟಪಾಲಿನ ದಾರಿಯಲ್ಲಿ ಬಂದದ್ದು."

"ದಾರಿಯಲ್ಲಿ ಇತ್ತೋ ಏನೋ. ಮನೆಯಲ್ಲಿರಲಿಲ್ಲ. ಕೋಳಿಗೂಡಿನ ಬಾಗಿಲು ಹಾಕಿ ಅಂತ ನಾನು ಮೂರು ಸಲ ಕೂಗಬೇಕಿತ್ತು. ಎರಡು ಹುಂಜ ನರಿ ಪಾಲಾಗಿದ್ದು ಮರೆತಿರಾ?"

ಹುಂಜಗಳ ಲೆಕ್ಕ ಹೆಂಗಸರು ಮರೆಯುವುದಿಲ್ಲ. ನಾನು ಎದ್ದು ಜಗಲಿಗೆ ಬಂದೆ. ಬರುವಾಗ ನಡುಮನೆಯ ಬಾಗಿಲು ಮುಚ್ಚಿದೆನಂತೆ. ಒಳಗಿಂದ ಅವಳ ನಗು ಆಗ ಕೇಳಿಸಿತು.

ಉಣುಗೋಲು ಎಂದರೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಲುದಾರಿ ಬೇಲಿಯನ್ನು ದಾಟುವಲ್ಲಿ ಎರಡು ಕಡೆಗೂ ಒಂದೊಂದು ಮರದ ಕಂಬ ನೆಟ್ಟು, ಕಂಬಕ್ಕೆ ಮೂರು ಮೂರು ತೂತು ಕೊರೆದು, ಮೂರು ಬಿದಿರಿನ ಕೋಲು ಅಡ್ಡ ತೂರಿಸಿರುತ್ತಾರೆ. ಮನುಷ್ಯ ಕೋಲು ಸರಿಸಿ ದಾಟಿ ಮತ್ತೆ ತೂರಿಸಿ ಹೋಗಬೇಕು. ದನಕ್ಕೆ ಸರಿಸಲು ಬರುವುದಿಲ್ಲ, ಅದೇ ಅದರ ಉಪಾಯ. ಪ್ರತಿ ಉಣುಗೋಲಿಗೂ ಒಂದು ದನಿ ಇರುತ್ತದೆ. ಒಣ ಬಿದಿರು ಹೊನ್ನೆಯ ಕಂಬದೊಳಗೆ ಜಾರಿದರೆ ಒಂದು ಬಗೆ, ಹಸಿ ಬಿದಿರು ಹಲಸಿನ ಕಂಬದೊಳಗೆ ಜಾರಿದರೆ ಇನ್ನೊಂದು ಬಗೆ. ಸಣ್ಣವನಾಗಿದ್ದಾಗ ಚಾಪೆಯ ಮೇಲೆ ಮಲಗಿದ್ದಂತೆಯೇ ದನಿ ಕೇಳಿ, ಅಪ್ಪ ಮೇಲಿನ ಬೇಲಿಯಲ್ಲಿದ್ದಾನೋ ಕೆಳಗಿನ ಬೇಲಿಯಲ್ಲಿದ್ದಾನೋ ಹೇಳುತ್ತಿದ್ದೆ. ಅವ್ವ ಆ ಅಂದಾಜಿನಲ್ಲೇ ರೊಟ್ಟಿ ತಟ್ಟಲು ಶುರುಮಾಡುತ್ತಿದ್ದಳು.

ನಾನು ಶಾಲೆ ಬಿಟ್ಟದ್ದೂ ಒಂದು ಉಣುಗೋಲಿನಿಂದಲೇ. ಐದನೇ ಕ್ಲಾಸಿನಲ್ಲಿದ್ದೆ. ಹುತ್ತರಿ ಹಬ್ಬ ಹತ್ತಿರ ಬಂದಿತ್ತು. ನಮ್ಮಲ್ಲಿ ಹುತ್ತರಿಯ ದಿನ ಕದಿರು ತೆಗೆಯುವವರೆಗೆ ಎಷ್ಟು ಹಣ್ಣಾದರೂ ಗದ್ದೆಗೆ ಕುಡುಗೋಲು ಹಾಕುವುದಿಲ್ಲ. ಆ ದಿನ ಶಾಲೆಗೆ ಹೊತ್ತಾಯಿತೆಂದು ನಾನು ಕೋಲು ತೂರಿಸದೆ ಓಡಿದೆ. ಸಂಜೆ ಬಂದು ನೋಡಿದರೆ ಪಕ್ಕದ ಮನೆಯವರ ಗದ್ದೆಯಲ್ಲಿ ನಮ್ಮದೇ ಆರು ದನ ಮಲಗಿ ಮೆಲುಕು ಹಾಕುತ್ತಿದ್ದವು. ಆ ಮನೆಗೆ ಕದಿರು ತೆಗೆಯಲು ಒಂದು ಮೂಲೆ ಮಾತ್ರ ಉಳಿದಿತ್ತು. ಅಪ್ಪ ಹೊಡೆಯಲಿಲ್ಲ. "ನಾಳೆಯಿಂದ ಶಾಲೆ ಸಾಕು, ದನ ನೋಡ್ಕೊ" ಎಂದ. ಅಷ್ಟೇ. ನನ್ನ ವಿದ್ಯೆ ಮುಗಿಯಿತು. ಸರಾಗವಾಗಿ ಓದಲು ಕಲಿತದ್ದು ಆಮೇಲೆ, ಟಪಾಲು ಹೊರುವಾಗ, ಲಕೋಟೆಗಳ ಮೇಲಿನ ವಿಳಾಸ ನೋಡಿ ನೋಡಿ. ಅದಕ್ಕೇ ಇರಬೇಕು, ನನಗೆ ಇವತ್ತಿಗೂ ಯಾವ ಬರಹವಾದರೂ ಯಾರಿಗೋ ತಲುಪಿಸಬೇಕಾದ್ದು ಅನ್ನಿಸುತ್ತದೆ.

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಟಪಾಲಿನವನಾದೆ. ಸಾಹುಕಾರರು ಇರುವುದು ಮಡಿಕೇರಿಯಲ್ಲಿ. ವಾರಕ್ಕೆ ಎರಡು ಸಲ ಎಸ್ಟೇಟಿನ ಕಾಗದ ಪತ್ರ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ನಡೆಯುವುದು, ಮರುದಿನ ಅವರ ಕಾಗದ ಹೊತ್ತು ಹಿಂದಿರುಗುವುದು. ಒಳದಾರಿಯಲ್ಲಿ ಹದಿಮೂರು ಮೈಲಿ. ಒಂಬತ್ತು ವರ್ಷ ನಡೆದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಒಂದು ಲಕೋಟೆ ನೆನೆಯಲಿಲ್ಲ, ಒಂದು ದಿನ ತಪ್ಪಲಿಲ್ಲ.

ಜನ ಅಯ್ಯೋ ಎನ್ನುತ್ತಿದ್ದರು. ಅವರಿಗೇನು ಗೊತ್ತು! ಹದಿಮೂರು ಮೈಲಿ ನಡೆಯುವವನು ಮೂರು ಮೈಲಿ ಮಾತ್ರ ನಡೆಯುತ್ತಾನೆ. ಆಮೇಲೆ ಕಾಲು ತಾನೇ ನಡೆಯುತ್ತದೆ, ಮನುಷ್ಯ ಅದರ ಮೇಲೆ ಕೂತು ಹೋಗುತ್ತಾನೆ. ಮಂಜು ಇಳಿದ ಬೆಳಿಗ್ಗೆ ಸಿಲ್ವರ್ ಓಕಿನ ಎಲೆ ತಿರುಗಿ ಬೆಳ್ಳಗಾಗುವುದು, ಕಾಫಿ ಗಿಡಗಳ ನಡುವೆ ಎಲ್ಲೋ ಪಿಕ್ಕಿಂಗಿನ ಹೆಂಗಸರ ಮಾತು ಕೇಳಿ ಅವರು ಕಾಣದೇ ಹೋಗುವುದು, ಹಟ್ಟಿಹೊಳೆ ದಾಟಿದ ಮೇಲೆ ಒಮ್ಮೆಲೆ ಬಿಸಿಲು. ಆ ದಾರಿಯಲ್ಲಿ ನಾನು ಎಷ್ಟೋ ಮನೆ ಕಟ್ಟಿದ್ದೇನೆ, ಜೀವಂತ ಇಲ್ಲದ ಅಪ್ಪನ ಹತ್ತಿರ ಜಗಳ ಮಾಡಿ ಗೆದ್ದಿದ್ದೇನೆ, ಗಂಗೆಯ ಜತೆ ಅವಳಿಗೆ ಗೊತ್ತಾಗುವ ಮೊದಲೇ ಮದುವೆಯಾಗಿದ್ದೇನೆ. ನಡುನಡುವೆ ಆರು ಉಣುಗೋಲು ಬರುತ್ತಿದ್ದವು. ತೆಗೆದದ್ದೂ ಹಾಕಿದ್ದೂ ನನಗೆ ತಿಳಿಯುತ್ತಲೇ ಇರಲಿಲ್ಲ. ಕನಸು ಕಡಿಯದಂತೆ ಕೈ ಅದರ ಕೆಲಸ ಮಾಡಿ ಮುಗಿಸುತ್ತಿತ್ತು.

ಏಳನೆಯದೊಂದಿತ್ತು. ಅದು ಮಡಿಕೇರಿಯ ಅಂಚಿನಲ್ಲಿ, ಪೇಟೆಯವರು ಪಾರ್ಕು ಎಂದು ಕರೆಯುವ ಹುಲ್ಲುಬಯಲಿನ ಬಾಯಲ್ಲಿ. ಯಾವ ಕಾಲದಲ್ಲೋ ಅಲ್ಲಿ ದನ ಮೇಯುತ್ತಿತ್ತಂತೆ. ಈಗ ನೀಲಗಿರಿ ಮರ, ಒಂದೆರಡು ಕಲ್ಲು ಬೆಂಚು, ಸಂಜೆ ಗಾಳಿ ತಿನ್ನಲು ಬರುವ ಮಂದಿ. ಅದರ ಕೋಲು ಹಾಕುವವರಿಲ್ಲದೆ ಹುಲ್ಲಿನಲ್ಲಿ ಬಿದ್ದು ಹೂತುಹೋಗಿದ್ದವು. ಒಂಬತ್ತು ವರ್ಷ ನಾನೂ ಅದನ್ನು ಮುಟ್ಟಿದವನಲ್ಲ. ಕಾಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ನಮ್ಮ ಕೊಡಗು ಮೈಸೂರಿಗೆ ಸೇರಿದ ಒಂದೆರಡು ವರ್ಷಕ್ಕೆ ಎಸ್ಟೇಟಿಗೆ ಜೀಪು ಬಂತು. ರೈಟರ್ ಗೋವಿಂದನ್ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ ಹೇಳಿದರು: "ಸೋಮಯ್ಯ, ಹೊಸ ವರ್ಷದಿಂದ ಟಪಾಲು ಜೀಪಿನಲ್ಲಿ ಹೋಗುತ್ತೆ. ನಿನಗೆ ಕಾಫಿ ಗಿಡದ ಗುಂಡಿ ಕೆಲಸ. ಬೇಜಾರಿಲ್ಲವಲ್ಲ?"

"ಗುಂಡಿ ತೋಡುವುದಕ್ಕೆ ಬೇಜಾರಿಲ್ಲ ರೈಟರೇ. ದಾರಿ ಬಿಡುವುದಕ್ಕೆ ಬೇಜಾರು."

"ದಾರಿ ಎಲ್ಲಿ ಹೋಗುತ್ತೆ? ಅಲ್ಲೇ ಇರುತ್ತೆ ಬಿಡು."

ದಾರಿ ಅಲ್ಲೇ ಇರುತ್ತದೆ, ಸರಿ. ಆದರೆ ಕೆಲಸವಿಲ್ಲದೆ ಹದಿಮೂರು ಮೈಲಿ ನಡೆಯುವವನನ್ನು ಊರು ಏನೆಂದು ಕರೆಯುತ್ತದೆ ಹೇಳಿ?

ಅದೇ ವಾರ ಮಾದಾಪುರದ ಹೋಟೆಲಿನ ಗೋಡೆಯಲ್ಲಿ ಕಾಗದ ಅಂಟಿಸಿದ್ದರು. ಮಡಿಕೇರಿಯ ಯುವಕರ ಸಂಘವೊಂದು ಓಟ ಇಟ್ಟಿದೆ, ಮಾದಾಪುರದಿಂದ ಮಡಿಕೇರಿಯ ಪಾರ್ಕಿನವರೆಗೆ, ಎಸ್ಟೇಟುಗಳ ಒಳದಾರಿಯಲ್ಲಿ, ಹದಿಮೂರು ಮೈಲಿ. ನನ್ನ ದಾರಿ! ಪ್ರವೇಶಕ್ಕೆ ನಾಲ್ಕಾಣೆ. ಆ ನಾಲ್ಕಾಣೆಗೆ ನಂಬರು ಬರೆದ ಒಂದು ಬಟ್ಟೆ, ಎರಡು ಬಾಳೆಹಣ್ಣು, ಕೊನೆಗೆ ಬೆಲ್ಲದ ಪಾನಕ. ಬಹುಮಾನ ಹಂಚುವವರು ಯಾರೆಂಬುದನ್ನು ಎರಡು ಸಲ ಓದಿದೆ. ನಮ್ಮ ಸಾಹುಕಾರರು. ಮೊದಲು ಬಂದು ಅವರೆದುರು ನಿಂತು, ಜೀಪಿಗಿಂತ ಈ ಕಾಲು ಏನು ಕಡಿಮೆ ಎಂದು ಕೇಳಬೇಕು. ಗುಂಡಿಗೆ ಹೋಗುವ ಮೊದಲು ನನಗೆ ಉಳಿದಿದ್ದ ದಾರಿ ಅದೊಂದೇ.

ಗಂಗೆ ನಾಲ್ಕಾಣೆ ಕೊಡುತ್ತ, "ಇಷ್ಟೇ ದುಡ್ಡಿಗೆ ಬಸ್ಸಿನಲ್ಲಿ ಆರಾಮವಾಗಿ ಮಡಿಕೇರಿ ಮುಟ್ಟಬಹುದು. ದುಡ್ಡು ಕೊಟ್ಟು ಓಡುವವರನ್ನು ಇವತ್ತೇ ಕಂಡದ್ದು" ಎಂದಳು.

ಹುತ್ತರಿಗೆ ಹತ್ತು ದಿನವಿತ್ತು. ಬೆಳಿಗ್ಗೆ ಮಾದಾಪುರದಲ್ಲಿ ಇಪ್ಪತ್ತು ಮಂದಿ ಸೇರಿದ್ದೆವು, ಹೆಚ್ಚಿನವರು ಪೇಟೆಯ ಕಾಲೇಜು ಹುಡುಗರು. ನನ್ನ ಪಕ್ಕ ನಿಂತವನು ಬಿಳಿ ಕ್ಯಾನ್‌ವಾಸ್ ಶೂ ಹಾಕಿಕೊಂಡು ನಿಂತಲ್ಲೇ ಪುಟಿಯುತ್ತಿದ್ದ. ಹೆಸರು ಉತ್ತಯ್ಯ ಎಂದ.

"ಅಣ್ಣ, ಬರಿಗಾಲಲ್ಲೇ ಓಡ್ತೀರಾ?"

"ಕಾಲಿದೆಯಲ್ಲ. ಅದಕ್ಕೆ ಇನ್ನೊಂದು ಕಾಲು ಯಾಕೆ?"

ಅವನು ನಕ್ಕ. ಒಳ್ಳೆಯ ನಗು. ಆ ನಗುವಿಗೆ ಸೋತು ನಾನು ಜೀಪಿನ ಕತೆಯನ್ನೆಲ್ಲ ಹೇಳಿಬಿಟ್ಟೆ. "ನಿಮಗೆ ಇದು ಓಟ ಉತ್ತಯ್ಯ. ನನಗೆ ದಾರಿ ಉಳಿಸಿಕೊಳ್ಳುವ ಕೆಲಸ." ಹೀಗೆ ಮಾತಾಡುತ್ತಿದ್ದಾಗ ಸಂಘದವರು ಒಂದು ಸ್ಟೂಲಿನ ಮೇಲೆ ನಿಂತು ಏನೋ ಸೂಚನೆ ಕೂಗಿ ಹೇಳಿದರು. ನನಗೆ ಕೇಳಿಸಲಿಲ್ಲ. ನಂಬರಿನ ಬಟ್ಟೆಗೆ ಪಿನ್ನು ಸಿಕ್ಕಿಸುವುದರಲ್ಲಿದ್ದೆ. ಹದಿನೇಳನೆಯ ನಂಬರು, ಕಾಫಿ ಮೂಟೆಗೆ ಗುರುತು ಹಾಕುವ ಮಸಿಯಲ್ಲಿ ಬರೆದದ್ದು.

ಮೊದಲ ಎರಡು ಮೈಲಿ ಹುಡುಗರು ಹಾರುತ್ತಿದ್ದರು. ಏರು ಶುರುವಾದ ಮೇಲೆ ಒಬ್ಬೊಬ್ಬರಾಗಿ ಸೊಂಟಕ್ಕೆ ಕೈಕೊಟ್ಟು ನಿಂತರು. ನಾನು ಅವರ ನಡುವೆಯೇ ಹಾದು ಮುಂದಾದೆ. ಆಮೇಲೆ ಎದುರಿಗೆ ಯಾರೂ ಇಲ್ಲ, ಮಂಜು ಒಂದೇ.

ಓಡುವುದು ನಡೆಯುವುದಕ್ಕಿಂತ ದೊಡ್ಡ ಕನಸು ಎಂದು ನನಗೆ ಆವತ್ತು ಗೊತ್ತಾಯಿತು. ಉಸಿರು ಒಂದು ಹದಕ್ಕೆ ಬಂದ ಮೇಲೆ ನೆಲ ತಾನೇ ಹಿಂದಕ್ಕೆ ಹೋಗುತ್ತಿತ್ತು. ಕೆಂಪಾಗುತ್ತಿದ್ದ ಕಾಫಿ ಹಣ್ಣು, ಜೇಡನ ಬಲೆಯ ಮೇಲೆ ಇಬ್ಬನಿ, ಬೆಟ್ಟದ ಸಂದಿನಲ್ಲಿ ಹಣ್ಣಾಗಿ ನಿಂತ ಗದ್ದೆ, ಅದರ ಹಳದಿ ಮಂಜಿನೊಳಗಿಂದ ದೀಪ ಹಚ್ಚಿದ ಹಾಗೆ. ಒಂದು ಕಡೆ ಅಪ್ಪ ಬೇಲಿಯ ಹತ್ತಿರ ನಿಂತು ಬೀಡಿ ಸೇದುತ್ತಿದ್ದ ಹಾಗಾಯಿತು. ಇನ್ನೊಂದು ಕಡೆ ನಾನೇ ಐದನೇ ಕ್ಲಾಸಿನವ, ಸ್ಲೇಟು ಹಿಡಿದು ನನ್ನ ಮುಂದೆ ಓಡುತ್ತಿದ್ದೆ. ಅವನನ್ನು ಹಿಡಿಯಬೇಕೆಂದು ಓಡಿದೆ. ಬಿದಿರು ಕಂಬದೊಳಗೆ ಜಾರುವ ದನಿ ಆಗಾಗ ಕೇಳುತ್ತಿತ್ತು. ಎಲ್ಲೋ ಅಪ್ಪನೇ ಹಾಕುತ್ತಿದ್ದಾನೆ ಅಂದುಕೊಂಡೆ.

ಆರನೆಯ ಉಣುಗೋಲಿನ ಪಕ್ಕ ಕಾವೇರವ್ವನ ಮನೆ. ಟಪಾಲಿನ ದಿನ ಮಜ್ಜಿಗೆ ಕೊಡುವ ಮುದುಕಿ. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದವಳು ಕತ್ತಿ ಬಿಟ್ಟು ತನ್ನ ಅರೆಭಾಷೆಯಲ್ಲಿ ಕೂಗಿದಳು.

"ಏ ಸೋಮಯ್ಯ! ನೀ ಎಂತ ಮಾರಾಯ, ಹಿಂದೆ ಓಡಿ ಬರುವವು ಹಾರಿ ಬರೊಕಾ?"

ನಾನು ನಿಂತೆ. ನನ್ನ ಕೈಯಲ್ಲಿ ಮೂರನೆಯ ಕೋಲಿತ್ತು.

"ಓಟಕ್ಕೆ ಅಂತ ನಿನ್ನೆ ಸಂಜೆ ಸಂಘದವರೇ ಬಂದು ಕೋಲೆಲ್ಲ ತೆಗೆದಿಟ್ಟದ್ದು. ನಿಂಗೆ ಗೊತ್ತಿಲ್ಲೆನಾ?"

"ದನ ಬರ್ತವೆ ಅವ್ವ! ಗದ್ದೆ ಹಣ್ಣಾಗಿದೆ!"

"ದನ ಎಲ್ಲ ಹಟ್ಟಿಲಿ ಉಟ್ಟು! ಮಧ್ಯಾಹ್ನವರೆಗೆ ಕಟ್ಟಿ ಹಾಕಿ ಅಂತ ಅವರೇ ಹೇಳಿದ್ದು. ಅಯ್ಯೋ ದೇವರೇ, ದನಕ್ಕಾದರೂ ಬುದ್ಧಿ ಉಟ್ಟು!"

ಆಗ ಕನಸು ಹರಿಯಿತು. ಸ್ಟೂಲಿನ ಮೇಲಿಂದ ಕೂಗಿ ಹೇಳಿದ ಸೂಚನೆ ಇದೇ ಇರಬೇಕು. ತೆರೆದಿಟ್ಟ ಆರೂ ಉಣುಗೋಲುಗಳನ್ನು ನಾನು ಒಂದೊಂದಾಗಿ, ಮೂರು ಮೂರು ಕೋಲು ತೂರಿಸಿ, ಹಿಂದೆ ಬರುವವರ ಮುಖಕ್ಕೆ ಮುಚ್ಚುತ್ತ ಬಂದಿದ್ದೆ. ಪೇಟೆ ಹುಡುಗರಿಗೆ ಕೋಲು ಎತ್ತ ಜಾರಿಸಬೇಕೆಂದೂ ತಿಳಿಯದೆ ಹತ್ತಿ ಹಾರಿರಬೇಕು, ಕೆಲವರು ಅಲ್ಲೇ ಕೂತಿರಬೇಕು. ನನಗೆ ನಗು ಬಂತು. ನಗುವಿನ ಹಿಂದೆಯೇ ನಾಚಿಕೆ. ಕಾವೇರವ್ವ ಬೈಯುತ್ತಲೇ ಬಂದು ಆ ಕೋಲುಗಳನ್ನು ತಾನೇ ಎಳೆದು ತೆಗೆದಳು. ನಾನು ಓಡಿದೆ.

ಕನಸು ಹರಿದ ಮೇಲೆ ಕಾಲು ಬರೀ ಕಾಲಾಗುತ್ತದೆ. ನೋವು ಆಗ ಗೊತ್ತಾಯಿತು. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಅದೇ ಹೊತ್ತಿಗೆ ಹಿಂದಿನಿಂದ ಪಟಪಟ ಸದ್ದು. ಕ್ಯಾನ್‌ವಾಸ್ ಶೂ. ಅಷ್ಟು ಬೇಲಿ ಹಾರಿಯೂ ಆ ಉತ್ತಯ್ಯ ಬರುತ್ತಿದ್ದ. ತಿರುವು ತಿರುವಿಗೂ ಸದ್ದು ಹತ್ತಿರವಾಯಿತು. ನನಗೆ ಅದು ಶೂವಿನ ಸದ್ದಾಗಿ ಕೇಳಿಸಲಿಲ್ಲ, ಜೀಪಿನ ಸದ್ದಾಗಿಯೇ ಕೇಳಿಸಿತು. ಗುಂಡಿ ಕಣ್ಣಮುಂದೆ ಬಂತು, ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ.

ನೀಲಗಿರಿ ಮರಗಳು ಕಂಡವು. ಪಾರ್ಕು. ಆಚೆ ಬಣ್ಣದ ಕಾಗದ ಕಟ್ಟಿದ ಪೆಂಡಾಲು, ಜನ. ಏಳನೆಯ ಉಣುಗೋಲು ಎಂದಿನಂತೆ ಬಾಯಿ ತೆರೆದುಕೊಂಡಿತ್ತು. ದಾಟಿದೆ. ದಾಟಿ ನಿಂತೆ. ಹುಲ್ಲಿನೊಳಗೆ ಕೈ ಹಾಕಿ ಕೋಲು ಕಿತ್ತು ತೆಗೆದೆ. ಪಾಚಿ ಹತ್ತಿ ಜಾರುತ್ತಿತ್ತು, ಒಂದು ಬಸವನಹುಳು ನನ್ನ ಅಂಗೈಗೆ ತಣ್ಣಗೆ ಅಂಟಿತು. ಮೂರನ್ನೂ ತೂರಿಸಿದೆ. ಆ ಕಂಬದ ದನಿ ನಾನು ಮೊದಲ ಸಲ ಕೇಳಿದ್ದು. ಆಮೇಲೆ ಓಡಿ ಗುರಿಯ ದಾರ ಮುಟ್ಟಿದೆ. ಉತ್ತಯ್ಯ ನನ್ನ ಹಿಂದೆ ನಾಲ್ಕೇ ಮಾರು.

ಪಾನಕದ ಲೋಟ ಬಾಯಿಗೆ ಹೋಗುವ ಮೊದಲೇ ಗಲಾಟೆ ಶುರುವಾಯಿತು. ಸುಸ್ತಾಗಿ ಬಂದ ಹುಡುಗರೆಲ್ಲ ಕೈಕಾಲಿನ ತರಚು ಗಾಯ ತೋರಿಸಿ ಕೂಗಿದರು. ಸಂಘದ ಅಧ್ಯಕ್ಷರು ನನ್ನನ್ನು ಕರೆದು ಕೇಳಿದರು: "ಏನಪ್ಪ, ಬೇಕಂತಲೇ ಮುಚ್ಚಿದೆಯಾ?"

"ಅಭ್ಯಾಸ ಸ್ವಾಮಿ," ಎಂದೆ.

ಸಾಹುಕಾರರು ಕುರ್ಚಿಯಿಂದ ಎದ್ದು ಜೋರಾಗಿ ನಕ್ಕರು. "ಅವನು ಹೇಳಿದ್ದು ನಿಜ. ನನ್ನ ಟಪಾಲಿನವ ಒಂಬತ್ತು ವರ್ಷದಲ್ಲಿ ಒಂದು ಉಣುಗೋಲು ತೆರೆದು ಬಿಟ್ಟವನಲ್ಲ. ನಿದ್ದೆಯಲ್ಲಿ ನಡೆಸಿದರೂ ಮುಚ್ಚಿಯೇ ಹೋಗುತ್ತಾನೆ." ಜನವೂ ನಕ್ಕಿತು. ಅಧ್ಯಕ್ಷರು ಉತ್ತಯ್ಯನ ಕಡೆ ತಿರುಗಿದರು. ಅವನು ನನ್ನನ್ನು ಒಂದು ಗಳಿಗೆ ನೋಡಿ, "ಅಭ್ಯಾಸವೇ ಇರಬೇಕು. ಬಿಡಿ ಸಾರ್," ಎಂದ.

ಹಿತ್ತಾಳೆಯ ಹೂಜಿ ನನ್ನ ಕೈಗೆ ಬಂತು. ಕೊಡುವಾಗ ಸಾಹುಕಾರರು ಕಿವಿಯ ಹತ್ತಿರ ಹೇಳಿದರು: "ಟಪಾಲು ಇಂಥವನ ಕೈಯಲ್ಲೇ ಇರಲಿ. ಜೀಪು ಗೊಬ್ಬರ ಹೊರಲಿ."

ಹೀಗೆ ದಾರಿ ಉಳಿಯಿತು. ಇನ್ನೂ ಐದು ವರ್ಷ ನಡೆದೆ. ಕೊನೆಗೆ ಜೀಪಿನಿಂದಲ್ಲ, ಸಾಹುಕಾರರು ಎಸ್ಟೇಟಿಗೇ ಬಂದು ನೆಲೆಸಿದ್ದರಿಂದ ಆ ಕೆಲಸ ಮುಗಿಯಿತು. ಈಗ ಅದೇ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದೇನೆ, ಗುಂಡಿ ತೋಡಿಸುತ್ತೇನೆ. ಹೂಜಿ ಮನೆಯಲ್ಲಿದೆ. ಅದರಲ್ಲಿ ನೀರು ಕುಡಿದವನಲ್ಲ ನಾನು. ಹಿತ್ತಾಳೆಯ ವಾಸನೆ ಆಗುವುದಿಲ್ಲವೆಂದು ಗಂಗೆಗೆ ಹೇಳಿದ್ದೇನೆ.

ಬಾಗಿಲು ಮುಚ್ಚುವ ರೋಗಕ್ಕೆ ಗಂಗೆ ಹೇಳಿದ ವಯಸ್ಸು ಸರಿ. ಅದು ಆ ಓಟದ ಮರುದಿನ ಶುರುವಾಯಿತು. ಒಬ್ಬ ಮನುಷ್ಯ ಒಂದು ಸಲ ಅಭ್ಯಾಸ ಎಂದು ಹೇಳಿಬಿಟ್ಟರೆ ಆಮೇಲೆ ಅದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕಲ್ಲ! ಮೊದಮೊದಲು ಕೋಳಿಗೂಡು, ಆಮೇಲೆ ಅಡಿಗೆಮನೆ, ಆಮೇಲೆ ಕಂಡ ಕಂಡದ್ದು. ಸಾವಿರ ಬಾಗಿಲು ಮುಚ್ಚಿದರೆ ಆ ಏಳನೆಯದೂ ಅವುಗಳ ಸಾಲಿಗೆ ಸೇರಿ ಹೋದೀತು ಎಂದು ಕೈಗೆ ಅನ್ನಿಸಿರಬೇಕು.

ಈಗ ಕಚೇರಿಯ ಅಧಿಕಾರಿ ಯಾರೆಂದು ನೀವೇ ಊಹಿಸಿರುತ್ತೀರಿ. ಜವಾನ ನನ್ನನ್ನು ಎಳೆದು ತಂದು ನಿಲ್ಲಿಸಿದಾಗ ಕನ್ನಡಕದ ಹಿಂದೆ ಅದೇ ನಗು. ಹದಿಮೂರು ವರ್ಷ, ಸ್ವಲ್ಪ ಹೊಟ್ಟೆ.

"ಸೋಮಣ್ಣ! ಇನ್ನೂ ನನ್ನನ್ನು ಬಿಟ್ಟಿಲ್ಲವಾ ನೀವು?" ಎಂದು ಕುರ್ಚಿ ತೋರಿಸಿದ. ಜವಾನನಿಗೆ ಹೇಳಿದ: "ಇವರದು ತಪ್ಪಿಲ್ಲ. ಅಭ್ಯಾಸ."

ಜವಾನ ಹೋದ. ನನ್ನ ಅರ್ಜಿ ಗುಮಾಸ್ತರಿಂದ ಇನ್ನು ಅವನ ಮೇಜಿಗೇ ಬರಬೇಕಿತ್ತು. ಬಾಯಿ ಮುಚ್ಚಿಕೊಂಡು ಬರುವುದೇ ಬುದ್ಧಿವಂತಿಕೆ. ಆದರೆ ಆ ಮಾತು, ಅಭ್ಯಾಸ, ನನಗೆ ಇನ್ನೊಂದು ಸಲ ಹೊರಲಾಗಲಿಲ್ಲ.

"ಆರು ಅಭ್ಯಾಸದ್ದು ಉತ್ತಯ್ಯ," ಎಂದೆ. "ಏಳನೆಯದು ಅಲ್ಲ."

ಅವನು ಕನ್ನಡಕ ತೆಗೆದು ಒರೆಸಿದ. "ಗೊತ್ತು."

"ಹೇಗೆ?"

"ಹತ್ತಿ ಹಾರಿದವನಿಗೆ ಗೊತ್ತಾಗುವುದಿಲ್ಲವಾ? ಮೊದಲಿನ ಬೇಲಿಗಳ ಬಿದಿರು ಕೈಯಾಡಿ ನುಣುಪಾಗಿತ್ತು. ಕೊನೆಯದರಲ್ಲಿ ಪಾಚಿ, ಹುಲ್ಲಿನ ಬೇರು. ನನ್ನ ಮೊಣಕಾಲಿಗೆ ಒಂದು ಬಸವನಹುಳು ಬೇರೆ."

"ಮತ್ತೆ ಆವತ್ತು ಯಾಕೆ ಹೇಳಲಿಲ್ಲ?"

"ನೀವೇ ಹೇಳಿದ್ದಿರಲ್ಲ, ನನಗೆ ಓಟ, ನಿಮಗೆ ದಾರಿ ಅಂತ. ಓಟ ಮರು ವರ್ಷವೂ ಇತ್ತು." ಅವನು ನಕ್ಕು ಸೇರಿಸಿದ: "ಮರು ವರ್ಷ ನಾನೇ ಗೆದ್ದೆ. ನೀವು ಬಂದಿರಲಿಲ್ಲ. ಅದೊಂದು ಬೇಜಾರು ಆಗಿತ್ತು."

ಮನೆಯಲ್ಲಿ ಒಂದು ಹೂಜಿ ಇದೆ, ನಿಮಗೆ ತಂದು ಕೊಡುತ್ತೇನೆ ಎಂದೆ. ಬೇಡ, ಎಂದಾದರೂ ಮಾದಾಪುರದ ಕಡೆ ಬಂದಾಗ ಅದರಲ್ಲಿ ನೀರು ಕೊಡಿ, ಸಾಕು ಎಂದ. ಅರ್ಜಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಅದರ ಸಾಲಿನಲ್ಲಿ ಬರಲಿ.

ಎದ್ದು ಹೊರಟೆ. ಹೊಸಿಲು ದಾಟಿದೆ. ಕೈ ಹಿಂದಕ್ಕೆ ಹೋಗಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಅದು ನನಗೇ ಗೊತ್ತಾಗಿ ಬೆರಗಾಗಿ ನಿಂತೆ. ಒಳಗಿಂದ ಅವನು ಕೂಗಿದ:

"ಸೋಮಣ್ಣ, ಬಾಗಿಲು ಹಾಕಿಕೊಂಡು ಹೋಗಿ. ಕಾಗದ ಹಾರುತ್ತೆ. ಅಗಳಿ ಮಾತ್ರ ಬೇಡ."

ಹಿಂದಿರುಗಿ ಹೋಗಿ ಮೆಲ್ಲಗೆ ಎಳೆದೆ. ಆ ಓಟದಿಂದೀಚೆಗೆ ಇಷ್ಟು ವರ್ಷದಲ್ಲಿ ಒಬ್ಬರು ಹೇಳಿ ನಾನು ಮುಚ್ಚಿದ ಬಾಗಿಲು ಅದೊಂದೇ.